ಮನೆಯ ನೀರಿನ ಲೆಕ್ಕಪತ್ರ

(ವಿಶ್ವ ಜಲದಿನದ ಅಂಗವಾಗಿ ಚೆನ್ನೈಯಲ್ಲಿ ನಮ್ಮ ಸಂಘದ ಸಭಾಭವನದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ವೇದಿಕೆಯ ಮೇಲೆ ನಿಂತು ಮಾತನಾಡಿದವರಲ್ಲಿ ಕವಿಗಳಿದ್ದಾರೆ, ವಿದ್ವಾಂಸರಿದ್ದಾರೆ, ರಂಗಕರ್ಮಿಗಳಿದ್ದಾರೆ. ನಾನು ಅವರ ಸಾಲಿಗೆ ಸೇರಿದವನಲ್ಲ. ಸುಮಾರು ಮೂವತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಲೆಕ್ಕಪತ್ರಗಳ ನಡುವೆ ಬದುಕಿದವನು. ಇತರರು ಮಾಡಿದ ಖರ್ಚನ್ನು ಪರಿಶೀಲಿಸಿ ಆಕ್ಷೇಪಣೆ ಬರೆಯುವುದು ನನ್ನ ವೃತ್ತಿ. ಜಲದಿನದಂದು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನೀರಿನ ತಜ್ಞನಲ್ಲದ ನಾನು ಏನು ಹೇಳಬಲ್ಲೆನೆಂಬ ಸಂಕೋಚ ನನ್ನನ್ನು ಕಾಡಿತು. ಕೊನೆಗೆ, ನನಗೆ ತಿಳಿದಿರುವ ಒಂದೇ ವಿದ್ಯೆಯನ್ನು ನನ್ನ ಮನೆಯ ಮೇಲೆಯೇ ಪ್ರಯೋಗಿಸಿದ ಕಥೆಯನ್ನು ಹೇಳುವುದೆಂದು ನಿರ್ಧರಿಸಿದೆ. ಆದ್ದರಿಂದ ಇದು ಉಪದೇಶವಲ್ಲ, ಒಂದು ಲೆಕ್ಕಪರಿಶೋಧನಾ ವರದಿ. ಇದರಲ್ಲಿ ಆಕ್ಷೇಪಣೆಗೆ ಗುರಿಯಾದವನು ನಾನೇ.

2019ರ ಬೇಸಿಗೆಯನ್ನು ಈ ಊರಿನಲ್ಲಿ ಕಳೆದ ಯಾರೂ ಮರೆತಿರಲಾರರು. ಹಿಂದಿನ ವರ್ಷದ ಈಶಾನ್ಯ ಮಾರುತ ಕೈಕೊಟ್ಟಿತ್ತು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕಂ ಎಂಬ ನಾಲ್ಕು ಜಲಾಶಯಗಳೂ ಜೂನ್ ತಿಂಗಳ ಹೊತ್ತಿಗೆ ಬಹುತೇಕ ಬತ್ತಿಹೋಗಿದ್ದವು. ಇದೇ ಚೆಂಬರಂಬಾಕಂ ತುಂಬಿ, ಇದೇ ಅಡ್ಯಾರು ಉಕ್ಕಿ ಊರನ್ನು ಮುಳುಗಿಸಿದ 2015ರ ಡಿಸೆಂಬರ್‌ಗೂ ಈ ಬರಕ್ಕೂ ನಡುವೆ ನಾಲ್ಕು ವರ್ಷಗಳ ಅಂತರವೂ ಇರಲಿಲ್ಲ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಜುಲೈ 12ರಂದು ಜೋಲಾರ್‌ಪೇಟೆಯಿಂದ ನೀರಿನ ರೈಲು ಬಂದಿತು. ಐವತ್ತು ವ್ಯಾಗನ್ನುಗಳಲ್ಲಿ ಇಪ್ಪತ್ತೈದು ಲಕ್ಷ ಲೀಟರ್ ನೀರು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ವಿಲ್ಲಿವಾಕ್ಕಂ ನಿಲ್ದಾಣವನ್ನು ತಲುಪಿತು. ಬೆಂಗಳೂರಿಗೆ ಹೋಗಿಬರುವ ನಮಗೆಲ್ಲ ಜೋಲಾರ್‌ಪೇಟೆಯೆಂದರೆ ಕಾಫಿ ಕುಡಿಯುವ ನಿಲ್ದಾಣ. ಅಲ್ಲಿಂದ ಒಂದು ದಿನ ನಮ್ಮ ಊರಿಗೆ ರೈಲಿನಲ್ಲಿ ನೀರು ಬಂದೀತೆಂದು ನಾವಾರೂ ಎಣಿಸಿರಲಿಲ್ಲ.

ನಾನಿರುವುದು ಇಪ್ಪತ್ತನಾಲ್ಕು ಮನೆಗಳ ಒಂದು ವಸತಿ ಸಮುಚ್ಚಯದಲ್ಲಿ. ಆ ವರ್ಷ ಅದರ ನಿವಾಸಿಗಳ ಸಮಿತಿಗೆ ನಾನೇ ಕಾರ್ಯದರ್ಶಿ. ಜೂನ್ ಮೊದಲ ವಾರದಲ್ಲಿ ನಮ್ಮ ಕೊಳವೆಬಾವಿ ಬತ್ತಿತು. ಟ್ಯಾಂಕರ್ ಲಾರಿಯ ಹನ್ನೆರಡು ಸಾವಿರ ಲೀಟರ್ ನೀರಿಗಾಗಿ ದಿನಗಟ್ಟಲೆ ಕಾಯಬೇಕಾಯಿತು. ಹಾಗೆ ಬಂದ ನೀರನ್ನು ನೆಲದ ತೊಟ್ಟಿಗೆ ತುಂಬಿಸಿ, ಅಲ್ಲಿಂದ ಪಂಪಿನ ಮೂಲಕ ಮಹಡಿಯ ಮೇಲಿನ ಟ್ಯಾಂಕಿಗೆ ಏರಿಸುವುದು ಕ್ರಮ. ಒಂದು ದಿನ ಬೆಳಗಿನ ಜಾವ ಕಾವಲುಗಾರ ಪಂಪನ್ನು ಹಾಕಿದವನು, ಬಾಗಿಲಿಗೆ ಬಂದ ಮತ್ತೊಂದು ಲಾರಿಯ ಗಡಿಬಿಡಿಯಲ್ಲಿ ಅದನ್ನು ಮರೆತ. ಟ್ಯಾಂಕು ತುಂಬಿ, ನೀರು ಮಹಡಿಯಿಂದ ರಸ್ತೆಯ ಬದಿಗೆ ಅರ್ಧ ಗಂಟೆಯ ಕಾಲ ಧಾರೆಯಾಗಿ ಸುರಿಯಿತು. ಎದುರಿನ ಬೀದಿಯ ಮೂಲೆಯಲ್ಲಿ ಸಾರ್ವಜನಿಕ ನೀರಿನ ತೊಟ್ಟಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು ಹಚ್ಚಿ ಕುಳಿತಿದ್ದ ಹೆಂಗಸರು ಅದನ್ನು ಕಂಡು ಓಡಿಬಂದು, ಗೋಡೆಗೆ ಕೊಡಗಳನ್ನು ಒಡ್ಡಿ ಸಿಕ್ಕಷ್ಟು ಹಿಡಿದುಕೊಂಡರು. ಅವರಲ್ಲಿ ನಮ್ಮ ಮನೆಗೆಲಸದಾಕೆಯೂ ಇದ್ದಳು.

ಎಂಟು ಗಂಟೆಗೆ ಆಕೆ ಕೆಲಸಕ್ಕೆ ಬಂದಳು. ಪಾತ್ರೆ ತೊಳೆಯಲು ಕೂಡುವ ಮುನ್ನ ನನ್ನ ಹೆಂಡತಿಯೊಡನೆ ತಮಿಳಿನಲ್ಲಿ ಹೇಳಿದಳು: “ಇವತ್ತು ನಿಮ್ಮ ಪುಣ್ಯದಿಂದ ಎರಡು ಕೊಡ ಜಾಸ್ತಿ ಸಿಕ್ಕಿತು ಅಮ್ಮಾ.” ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಆಕೆ ನಿಜವಾಗಿಯೂ ಕೃತಜ್ಞತೆಯಿಂದಲೇ ಹೇಳಿದ್ದಳು. ಆನಂತರ ಎಂದಿನಂತೆ ನಮ್ಮ ಅಡಿಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ನಾವು ಕಲಿಸಿದ ರೀತಿಯಲ್ಲಿ, ಹರಿಯುವ ನೀರಿನಲ್ಲಿ ಪಾತ್ರೆ ತೊಳೆಯತೊಡಗಿದಳು.

ಇನ್ನು ನನ್ನ ತಪ್ಪೊಪ್ಪಿಗೆ. ಟ್ಯಾಂಕು ತುಂಬಿದೊಡನೆ ಪಂಪನ್ನು ತಾನಾಗಿಯೇ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್ಚನ್ನು ಅಳವಡಿಸಬೇಕೆಂಬ ಪ್ರಸ್ತಾಪ ನಮ್ಮ ಸಮಿತಿಯ ಮುಂದೆ ಆರು ತಿಂಗಳಿಂದ ಇತ್ತು. ವೈರಿಂಗ್ ಕೂಲಿಯೂ ಸೇರಿ ಮೂರು ಸಾವಿರ ರೂಪಾಯಿಗೂ ಕಡಿಮೆ ಖರ್ಚು. ಮೂರು ದರಪಟ್ಟಿಗಳು ಬಂದಿಲ್ಲವೆಂಬ ಕಾರಣಕ್ಕೆ ಅದನ್ನು ಎರಡು ಬಾರಿ ಮುಂದೂಡಿದವನು ನಾನೇ. ಕಚೇರಿಯ ಶಿಸ್ತನ್ನು ಮನೆಗೆ ತಂದೆನೆಂದು ಆಗ ಹೆಮ್ಮೆಪಟ್ಟುಕೊಂಡಿದ್ದೆ. ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಪಂಪಿನ ಮೇಲೆ ನಮೂದಿಸಿದ ಸಾಮರ್ಥ್ಯ ನಿಮಿಷಕ್ಕೆ 100 ಲೀಟರ್. ಅರ್ಧ ಗಂಟೆಗೆ 3,000 ಲೀಟರ್. ಒಂದು ಕೊಡಕ್ಕೆ 15 ಲೀಟರಿನಂತೆ 200 ಕೊಡ. ನಮ್ಮ ಕೆಲಸದಾಕೆಯ ಐದು ಜನರ ಸಂಸಾರಕ್ಕೆ ಆಗ ದಿನ ಬಿಟ್ಟು ದಿನ ಸಿಗುತ್ತಿದ್ದುದು ಎಂಟು ಕೊಡ. ಅಂದರೆ, ನನ್ನ ಕಡತದ ಶಿಸ್ತು ಅರ್ಧ ಗಂಟೆಯಲ್ಲಿ ಚೆಲ್ಲಿದ್ದು ಆ ಸಂಸಾರದ ಐವತ್ತು ದಿನಗಳ ನೀರನ್ನು. ಅದರಲ್ಲಿ ಎರಡು ಕೊಡ ಮರಳಿ ಪಡೆದುದಕ್ಕಾಗಿ ಆಕೆ ನಮ್ಮ ಪುಣ್ಯವನ್ನು ನೆನೆದಿದ್ದಳು.

ಮರುದಿನವೇ ಸ್ವಿಚ್ಚು ಬಂತು. ಆದರೆ ಅಷ್ಟಕ್ಕೇ ಮನಸ್ಸಿಗೆ ಸಮಾಧಾನವಾಗಲಿಲ್ಲ. ಟ್ಯಾಂಕಿನಿಂದ ಹೊರಗೆ ಚೆಲ್ಲಿದ್ದು ಎಲ್ಲರ ಕಣ್ಣಿಗೂ ಬಿತ್ತು. ಟ್ಯಾಂಕಿನಿಂದ ಮನೆಯೊಳಗೆ ಇಳಿದ ನೀರು ಎಲ್ಲಿ ಹೋಗುತ್ತಿದೆಯೆಂಬುದನ್ನು ಕಂಡವರಾರು? ಇತ್ತೀಚಿನ ಕೆಲವನ್ನು ಬಿಟ್ಟರೆ ನಮ್ಮ ಬಹುಪಾಲು ಸಮುಚ್ಚಯಗಳಲ್ಲಿ ವಿದ್ಯುತ್ತಿಗೆ ಮನೆಗೊಂದು ಮೀಟರು, ಅಡಿಗೆ ಅನಿಲಕ್ಕೆ ಸಿಲಿಂಡರಿನ ಎಣಿಕೆ. ನೀರಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ಲೆಕ್ಕವಿಲ್ಲದ ಕಡೆ ಸೋರಿಕೆಯಿರುತ್ತದೆ ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಆದ್ದರಿಂದ ಒಂದು ಹದಿನೈದು ಲೀಟರಿನ ಬಕೆಟ್ಟು, ಒಂದು ಕೈಗಡಿಯಾರ, ಒಂದು ನೋಟುಪುಸ್ತಕ ಹಿಡಿದು ಒಂದು ವಾರ ನನ್ನ ಮನೆಯ ನೀರನ್ನು ಅಳೆದೆ. ನಾನು, ನನ್ನ ಹೆಂಡತಿ, ಮಗಳು, ಊರಿನಿಂದ ಬಂದಿದ್ದ ನನ್ನ ತಾಯಿ, ಹೀಗೆ ನಾವು ನಾಲ್ವರು. ತಮ್ಮ ಗಂಡ ಗಡಿಯಾರ ಹಿಡಿದು ಬಚ್ಚಲುಮನೆಯ ಮುಂದೆ ನಿಂತಿರುವುದನ್ನು ಕಂಡ ನನ್ನ ಹೆಂಡತಿ ಏನೆಂದರೆಂಬುದನ್ನು ಇಲ್ಲಿ ಹೇಳುವುದು ಉಚಿತವಲ್ಲ.

ಆ ವಾರದ ಸರಾಸರಿಯನ್ನು ತಮ್ಮ ಮುಂದಿಡುತ್ತೇನೆ. ನಮ್ಮ ನಲ್ಲಿಯಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಬರುತ್ತಿತ್ತು. ನಾನೂ ಮಗಳೂ ಷವರಿನ ಕೆಳಗೆ ತಲಾ ಏಳು ನಿಮಿಷ, ತಾಯಿ ಮತ್ತು ಹೆಂಡತಿ ಎರಡೆರಡು ಬಕೆಟ್ಟು, ಹೀಗೆ ಸ್ನಾನಕ್ಕೆ 200 ಲೀಟರ್. ಶೌಚಾಲಯದ ಹಳೆಯ ತೊಟ್ಟಿ ಒಮ್ಮೆ ಎಳೆದರೆ ಹತ್ತು ಲೀಟರ್ ಸುರಿಸುತ್ತಿತ್ತು. ದಿನಕ್ಕೆ ಇಪ್ಪತ್ತು ಸಲವೆಂದರೆ 200 ಲೀಟರ್. ಪಾತ್ರೆಗೆ ಹದಿನೈದು ನಿಮಿಷ ನಲ್ಲಿ ತೆರೆದಿರುತ್ತಿತ್ತು, 150. ಬಟ್ಟೆ ಒಗೆಯುವ ಯಂತ್ರ ದಿನಕ್ಕೊಮ್ಮೆ, ಎಂಟು ಬಕೆಟ್ಟು, 120. ಕುಡಿಯಲು, ಅಡಿಗೆಗೆ ಹನ್ನೆರಡು ಲೀಟರ್ ಶುದ್ಧನೀರು ಕೊಡುವ ಆರ್‌ಒ ಯಂತ್ರ ಅದಕ್ಕಾಗಿ ಮೂವತ್ತು ಲೀಟರನ್ನು ಹಿಂಬದಿಯ ಕೊಳವೆಯಿಂದ ಚರಂಡಿಗೆ ಬಿಡುತ್ತಿತ್ತು, ಒಟ್ಟು 42. ಹಲ್ಲುಜ್ಜುವುದು, ಕ್ಷೌರ, ಕೈಕಾಲು ತೊಳೆಯುವುದು 50. ನೆಲ ಒರೆಸುವುದು, ಗಿಡ, ಸ್ಕೂಟರು 50. ಕೊನೆಯದು ಬಚ್ಚಲಿನ ಒಂದು ತೊಟ್ಟಿಕ್ಕುವ ನಲ್ಲಿ. ರಾತ್ರಿ ಹತ್ತಕ್ಕೆ ಅದರ ಕೆಳಗೆ ಪಾತ್ರೆಯಿಟ್ಟು ಬೆಳಿಗ್ಗೆ ಆರಕ್ಕೆ ಅಳೆದರೆ ಆರು ಲೀಟರ್. ದಿನಕ್ಕೆ 18, ವರ್ಷಕ್ಕೆ ಆರೂವರೆ ಸಾವಿರಕ್ಕೂ ಮಿಕ್ಕಿ. ಅದನ್ನು ನಾನು ಎರಡು ವರ್ಷಗಳಿಂದ ನೋಡುತ್ತಲೇ ಇದ್ದೆ. ಒಟ್ಟು ಮೊತ್ತ ದಿನಕ್ಕೆ 830 ಲೀಟರ್. ತಲೆಗೆ 207.

ಒಳಚರಂಡಿಯಿರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಯೋಜನಾಕಾರರು ಬಹುಕಾಲದಿಂದ ಅನುಸರಿಸುತ್ತಿರುವ ಮಾನದಂಡ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಮನೆಗಳಿಗೆ ನಿಗದಿಪಡಿಸಿದ್ದು 55 ಲೀಟರ್. ನಮ್ಮ ಕೆಲಸದಾಕೆಯ ಮನೆಯಲ್ಲಿ ಆ ಬೇಸಿಗೆಯಲ್ಲಿ ಒಬ್ಬರಿಗೆ ಸಿಕ್ಕಿದ್ದು 12 ಲೀಟರ್. ಬರಗಾಲದ ನಡುವೆ ನಮ್ಮ ಮನೆಯಲ್ಲಿ 207. ಸ್ನಾತಕೋತ್ತರ ತರಗತಿಯಲ್ಲಿ ಅರ್ಥಶಾಸ್ತ್ರ ಓದುವಾಗ ಆಡಂ ಸ್ಮಿತ್ 1776ರಲ್ಲಿ ಎತ್ತಿದ ಪ್ರಶ್ನೆಯೊಂದನ್ನು ಕಂಠಪಾಠ ಮಾಡಿದ್ದೆ: ಜೀವಾಧಾರವಾದ ನೀರು ಅಗ್ಗ, ಉಪಯೋಗವಿಲ್ಲದ ವಜ್ರ ತುಟ್ಟಿ, ಏಕೆ? ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ಪಡೆದೆ. ನೀರು ಅಗ್ಗವಾಗಿರುವುದು ಎಲ್ಲರಿಗೂ ಅಲ್ಲವೆಂಬುದನ್ನು ಕಲಿಯಲು ನನಗೆ ಮತ್ತೆ ಮೂರು ದಶಕಗಳು ಬೇಕಾದವು.

ಈ ಪಟ್ಟಿಯನ್ನು ನನ್ನ ತಾಯಿಗೆ ಓದಿ ಹೇಳಿದೆ. ಆಕೆ ಕೋಲಾರ ಜಿಲ್ಲೆಯವರು. ನದಿಯಿಲ್ಲದ, ಸಾವಿರಾರು ಕೆರೆಗಳನ್ನೇ ನಂಬಿ ಬದುಕಿದ ಸೀಮೆ ಅದು. “ನಿಮ್ಮಜ್ಜಿ ಇದ್ದಿದ್ದರೆ ನಿನ್ನನ್ನು ಮನೆಯೊಳಕ್ಕೆ ಸೇರಿಸುತ್ತಿರಲಿಲ್ಲ ಕಣಪ್ಪಾ” ಎಂದರು. ನಿಜ. ನಮ್ಮಜ್ಜಿಯ ಮನೆಯಲ್ಲಿ ನೀರು ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಅಕ್ಕಿ, ಬೇಳೆ ತೊಳೆದ ನೀರು ಕಲಗಚ್ಚಾಗಿ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಪಾತ್ರೆಯನ್ನು ಮೊದಲು ಬೂದಿಯಲ್ಲಿ ಉಜ್ಜಿ ಅನಂತರ ಅಳತೆಯ ನೀರಿನಲ್ಲಿ ತೊಳೆಯುತ್ತಿದ್ದರು. ಬಚ್ಚಲಿನ ನೀರಿಗೆ ಹಿತ್ತಿಲಿನ ಬಾಳೆ, ಕೆಸುವು, ಕರಿಬೇವಿನ ದಾರಿ ಗೊತ್ತಿತ್ತು. ಕನ್ನಡದಲ್ಲಿ ದುಂದುಗಾರನನ್ನು ಹಣವನ್ನು ನೀರಿನಂತೆ ಖರ್ಚು ಮಾಡಿದ ಎನ್ನುತ್ತೇವೆ. ಆ ಮಾತು ನಮ್ಮಜ್ಜಿಗೆ ಅರ್ಥವಾಗುತ್ತಿರಲಿಲ್ಲವೆಂದು ತೋರುತ್ತದೆ. ಆಕೆ ನೀರನ್ನು ಹಣದಂತೆ ಖರ್ಚು ಮಾಡಿದವಳು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನನ್ನ ವರದಿ ಅಪೂರ್ಣವಾಗುತ್ತದೆ. ಹಳೆಯದೆಲ್ಲ ಹೊನ್ನೆಂದು ಹೇಳುವ ಚಪಲ ಹೊರನಾಡಿನಲ್ಲಿರುವ ನಮಗೆ ತುಸು ಹೆಚ್ಚು. ಅಜ್ಜಿಯ ಮಿತವ್ಯಯದ ಹಿಂದೆ ಇದ್ದುದು ಆಕೆಯ ಸೊಂಟದ ನೋವು. ಸೇದುವ ಬಾವಿಯಿಂದ ದಿನಕ್ಕೆ ಇಪ್ಪತ್ತು ಬಿಂದಿಗೆ ಹೊತ್ತು ತರುವವಳಿಗೆ ಒಂದು ತಂಬಿಗೆ ನೀರಿನ ತೂಕವೂ ತಿಳಿದಿರುತ್ತದೆ. ಹೊರದ ನಮ್ಮ ತಾತನಿಗೆ ಅಷ್ಟಾಗಿ ತಿಳಿದಿರಲಿಲ್ಲ. ಆ ಬಾವಿಯ ಹಗ್ಗವನ್ನು ಮುಟ್ಟಲು ಊರಿನ ಎಲ್ಲರಿಗೂ ಅವಕಾಶವಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡಿನ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಬಾಯಾರಿಕೆಯನ್ನು ನೀಗಿಸಿಕೊಳ್ಳಲಿಕ್ಕಲ್ಲ. ನೀರು ಹಂಚಿಕೆಯ ಪ್ರಶ್ನೆ, ಹಂಚಿಕೆ ಮರ್ಯಾದೆಯ ಪ್ರಶ್ನೆ. ಅಂದು ಬಾವಿಯ ಕಟ್ಟೆ ಜನರನ್ನು ಬೇರ್ಪಡಿಸುತ್ತಿತ್ತು. ಇಂದು ಸಮುಚ್ಚಯದ ಕಾಂಪೌಂಡು ಗೋಡೆ ಬೇರ್ಪಡಿಸುತ್ತಿದೆ. ಆದ್ದರಿಂದ ನಾವು ಹಳೆಯ ಕಾಲದಿಂದ ತೆಗೆದುಕೊಳ್ಳಬೇಕಾದದ್ದು ನೀರಿಗೆ ಎರಡನೆಯ ಕೆಲಸ ಕೊಡುವ ಜಾಣತನವನ್ನೇ ಹೊರತು, ಅದರ ದುಡಿಮೆಯನ್ನೆಲ್ಲ ಹೆಂಗಸರ ಮೇಲೆ ಹೊರಿಸುವ ಪದ್ಧತಿಯನ್ನಲ್ಲ. ನಮ್ಮ ಮನೆಯಲ್ಲಿ ಆರ್‌ಒ ಯಂತ್ರದ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸುವ ಕೆಲಸ ಇಂದಿಗೂ ನನ್ನದು.

ನಾವು ಮಾಡಿದ ಬದಲಾವಣೆಗಳು ತೀರ ಸಾಮಾನ್ಯವಾದವು. ತೊಟ್ಟಿಕ್ಕುವ ನಲ್ಲಿಯ ವಾಷರನ್ನು ಬದಲಿಸಿದೆವು. ಕೆಲವೇ ರೂಪಾಯಿಗಳ ಖರ್ಚು. ಷವರನ್ನು ಕೈಬಿಟ್ಟು ಎಲ್ಲರೂ ಬಕೆಟ್ಟಿಗೆ ಮರಳಿದೆವು, ನಾಲ್ವರಿಗೂ ಸೇರಿ 100 ಲೀಟರ್. ಶೌಚಾಲಯದ ತೊಟ್ಟಿಯೊಳಗೆ ಮೊದಲು ನೀರು ತುಂಬಿದ ಎರಡು ಬಾಟಲಿಗಳನ್ನಿಟ್ಟು ಅಷ್ಟು ನೀರನ್ನು ಉಳಿಸಿದೆವು; ಆನಂತರ ಮೂರು ಲೀಟರ್ ಮತ್ತು ಆರು ಲೀಟರಿನ ಎರಡು ಗುಂಡಿಗಳಿರುವ ಹೊಸ ತೊಟ್ಟಿಯನ್ನೇ ಹಾಕಿಸಿದೆವು. ಅದು 200ರಿಂದ 72ಕ್ಕೆ ಇಳಿಯಿತು. ಪಾತ್ರೆಗೆ ಎರಡು ಟಬ್ಬುಗಳು, ಒಂದರಲ್ಲಿ ಉಜ್ಜುವುದು, ಇನ್ನೊಂದರಲ್ಲಿ ಅದ್ದಿ ತೆಗೆಯುವುದು. 150ರ ಬದಲು ಮೂರು ಬಕೆಟ್ಟು, 45. ಯಂತ್ರ ತುಂಬುವಷ್ಟು ಬಟ್ಟೆಯಾದಾಗ ದಿನ ಬಿಟ್ಟು ದಿನ ಒಗೆಯುವುದು, ದಿನದ ಲೆಕ್ಕಕ್ಕೆ 60. ಹಲ್ಲುಜ್ಜಲು, ಕ್ಷೌರಕ್ಕೆ ಒಂದು ಚೊಂಬು; ಒಟ್ಟು 20. ಆರ್‌ಒ ಚೆಲ್ಲುವ ಮೂವತ್ತು ಲೀಟರಿನಿಂದ ನೆಲ ಮತ್ತು ಶೌಚಾಲಯ. ಹೊಸ ನೀರು ಬೇಕಾದದ್ದು 15 ಮಾತ್ರ. ಆ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಹಾಕಬಾರದು. ಇನ್ನೊಂದು ಮಾತು: ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮಿನೊಳಗಿದ್ದರೆ ಅದು ಕುಡಿಯಲು ಒಪ್ಪುವಂಥದ್ದೆಂದು ಭಾರತೀಯ ಮಾನಕ ಸಂಸ್ಥೆಯೇ ಹೇಳುತ್ತದೆ. ಲವಣವನ್ನು ತೆಗೆಯಲು ಆರ್‌ಒ ಬೇಕೇ ಎಂಬುದನ್ನು ನೀರನ್ನು ಪರೀಕ್ಷಿಸಿ ನಿರ್ಧರಿಸಬೇಕೇ ಹೊರತು ಜಾಹೀರಾತನ್ನು ನೋಡಿ ಅಲ್ಲ.

ಹೊಸ ಮೊತ್ತ 354 ಲೀಟರ್, ತಲೆಗೆ 88. ದಿನಕ್ಕೆ 476 ಲೀಟರ್ ಉಳಿತಾಯ. ವರ್ಷಕ್ಕೆ ಒಂದು ಲಕ್ಷ ಎಪ್ಪತ್ತಮೂರು ಸಾವಿರ ಲೀಟರಿಗೂ ಹೆಚ್ಚು, ಅಂದರೆ ಒಂದೇ ಮನೆಯಿಂದ ಹದಿನಾಲ್ಕು ಟ್ಯಾಂಕರ್ ಲಾರಿ. ಇದರಿಂದ ನಮ್ಮ ಮನೆಯಲ್ಲಿ ಯಾರ ಆರೋಗ್ಯವೂ ಕೆಡಲಿಲ್ಲ, ಯಾರ ಗೌರವವೂ ಕುಂದಲಿಲ್ಲ.

ಆ ಹದಿನಾಲ್ಕು ಲಾರಿಗಳು ಎಲ್ಲಿಂದ ಬರುತ್ತವೆಂಬುದನ್ನು ಯೋಚಿಸಬೇಕು. ಅವು ಬರುವುದು ಊರಾಚೆಯ ಕಾಂಚೀಪುರಂ, ತಿರುವಳ್ಳೂರು ಸೀಮೆಯ ಹಳ್ಳಿಗಳ ಬಾವಿಗಳಿಂದ. ಅಲ್ಲಿಯ ಅಂತರ್ಜಲ ಇಳಿದಾಗ ಗದ್ದೆ ಒಣಗುತ್ತದೆ, ಅಲ್ಲಿಯ ಹೆಂಗಸರು ಕೊಡ ಹಿಡಿದು ನಿಲ್ಲುತ್ತಾರೆ. ಸಮುದ್ರದ ನೀರಿದೆಯಲ್ಲ ಎನ್ನುವವರಿದ್ದಾರೆ. 2010ರಲ್ಲಿ ಮಿಂಜೂರಿನಲ್ಲಿ, 2013ರಲ್ಲಿ ನೆಮ್ಮೇಲಿಯಲ್ಲಿ ಸ್ಥಾಪಿತವಾದ ಸಮುದ್ರಜಲ ಶುದ್ಧೀಕರಣ ಘಟಕಗಳು ದಿನಕ್ಕೆ ತಲಾ ಹತ್ತು ಕೋಟಿ ಲೀಟರ್ ಸಾಮರ್ಥ್ಯದವು. ಉಪಕಾರ ಮಾಡಿವೆ, ಸಂದೇಹವಿಲ್ಲ. ಆದರೆ ಇಂಥ ಘಟಕಗಳಲ್ಲಿ ಪ್ರತಿ ಸಾವಿರ ಲೀಟರಿಗೆ ಸುಮಾರು ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ತು ವೆಚ್ಚವಾಗುತ್ತದೆ. ಬೆಂಗಳೂರಿಗೂ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ಹಂತಹಂತವಾಗಿ ಪಂಪು ಮಾಡಿ ತರುತ್ತಾರೆ. ನಾವು ಚೆಲ್ಲುವ ನೀರಿನೊಂದಿಗೆ ಆ ವಿದ್ಯುತ್ತೂ ಚೆಲ್ಲಿಹೋಗುತ್ತದೆ. ಮನೆಗೆ ಬಂದ ನೀರಿನ ಸುಮಾರು ಶೇಕಡಾ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆಂಬುದು ಎಂಜಿನಿಯರುಗಳ ಅಂದಾಜು. ಕೂವಂ ನದಿಯ ಸೇತುವೆಯ ಮೇಲೆ ಮೂಗು ಮುಚ್ಚಿಕೊಳ್ಳುವ ನಾವು, ಆ ವಾಸನೆಯಲ್ಲಿ ನಮ್ಮ ಏಳು ನಿಮಿಷದ ಷವರಿನ ಪಾಲೂ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು.

ನನ್ನ ಕೋಲಾರದ ಕಥೆಯೂ ಬೇರೆಯಲ್ಲ. ಸಾವಿರ ಅಡಿಗೂ ಆಳಕ್ಕೆ ಕೊರೆದ ಕೊಳವೆಬಾವಿಗಳು ಅಲ್ಲಿ ಬರಿದಾದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಅಲ್ಲಿಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆಗಳು ತುಂಬಿವೆ, ನೀರಿನ ಗುಣಮಟ್ಟದ ಬಗ್ಗೆ ವಾದವಿವಾದಗಳೂ ನ್ಯಾಯಾಲಯದ ವ್ಯಾಜ್ಯಗಳೂ ನಡೆದಿವೆ. ಒಂದು ಊರಿನ ಬಚ್ಚಲು ಇನ್ನೊಂದು ಊರಿನ ಕೆರೆಯಾಗಿದೆ. ಹೀಗಿರುವಾಗ ಬಚ್ಚಲಿಗೆ ಎಷ್ಟು ಸೋಪು, ಎಷ್ಟು ರಾಸಾಯನಿಕ ಸುರಿಯುತ್ತೇವೆಂಬುದು ಇನ್ನು ನಮ್ಮ ಮನೆಯ ಸ್ವಂತ ವಿಷಯವಾಗಿ ಉಳಿದಿಲ್ಲ.

ಇನ್ನು, ಈ ಊರಿನಲ್ಲಿ ಕನ್ನಡಿಗರಾಗಿ ಬಾಳುವ ನಾವು ಆಡಲು ಹಿಂಜರಿಯುವ ವಿಷಯಕ್ಕೆ ಬರುತ್ತೇನೆ. ನಾನು ಸರ್ಕಾರಿ ನೌಕರ. ನದಿ ವಿವಾದದ ನ್ಯಾಯಾನ್ಯಾಯಗಳನ್ನು ತೂಗುವುದು ನನ್ನ ಅಧಿಕಾರದ ಹೊರಗಿನ ಸಂಗತಿ. 1991ರ ಡಿಸೆಂಬರ್ ತಿಂಗಳಲ್ಲಿ ಕಾವೇರಿಯ ಹೆಸರಿನಲ್ಲಿ ಅಲ್ಲಿ ತಮಿಳರೂ ಇಲ್ಲಿ ಕನ್ನಡಿಗರೂ ಅನುಭವಿಸಿದ ಆತಂಕವನ್ನು ಈ ಸಭೆಯ ಹಿರಿಯರು ಬಲ್ಲರು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚಿಸಿದಾಗ ಅದರಲ್ಲಿ 4.75ನ್ನು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಮನ್ನಿಸಿ ಕೊಟ್ಟಿತು. ಇತ್ತ ಚೆನ್ನೈಯ ನಲ್ಲಿಯಲ್ಲಿ ಬರುವ ನೀರಿಗೂ ಕನ್ನಡನಾಡಿನ ನಂಟಿದೆ. 2004ರಿಂದ ವೀರಾಣಂ ಕೆರೆಯ ಮೂಲಕ ಕಾವೇರಿ ಇಲ್ಲಿಗೆ ಬರುತ್ತಿದ್ದಾಳೆ. ಈ ಊರಿನ ಬಾಯಾರಿಕೆಗಾಗಿ ಕೃಷ್ಣೆಯ ತಮ್ಮ ಪಾಲಿನಿಂದ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶಗಳು ತಲಾ 5 ಟಿ.ಎಂ.ಸಿ. ಬಿಟ್ಟುಕೊಡಲು 1976ರಲ್ಲಿ ಒಪ್ಪಿದವು. 1996ರಲ್ಲಿ ಆ ನೀರು ಪೂಂಡಿಯನ್ನು ಮುಟ್ಟಿತು. ಒಪ್ಪಂದದಷ್ಟು ನೀರು ಬಂದ ವರ್ಷಗಳು ವಿರಳವೆಂಬುದು ಬೇರೆ ಮಾತು. ನೀರಿನ ಹೆಸರಿನಲ್ಲಿ ಜಗಳವಷ್ಟೇ ಅಲ್ಲ, ಇಂಥ ಔದಾರ್ಯವೂ ನಡೆದಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಟಿ.ಎಂ.ಸಿ. ಎಂಬ ಮೂರಕ್ಷರಗಳನ್ನು ನಾವು ಪತ್ರಿಕೆಯಲ್ಲಿ ಓದುತ್ತೇವೆ. ಅದೆಷ್ಟೆಂದು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದಿಲ್ಲ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ನನ್ನ ಮನೆಯ ವಾರ್ಷಿಕ ಉಳಿತಾಯದಿಂದ ಭಾಗಿಸಿದರೆ, ಅಂಥ ಒಂದು ಲಕ್ಷ ಅರವತ್ತಮೂರು ಸಾವಿರ ಮನೆಗಳು ಸೇರಿದರೆ ವರ್ಷಕ್ಕೆ ಒಂದು ಟಿ.ಎಂ.ಸಿ. ಕರ್ನಾಟಕ ಈ ಊರಿಗಾಗಿ ಒಪ್ಪಿದ ಐದು ಟಿ.ಎಂ.ಸಿ.ಗೆ ಸುಮಾರು ಎಂಟು ಲಕ್ಷ ಮನೆಗಳು. ಮಹಾನಗರಗಳ ದೃಷ್ಟಿಯಲ್ಲಿ ಇದು ಅಸಾಧ್ಯವಾದ ಸಂಖ್ಯೆಯಲ್ಲ. ಆದರೆ ಲೆಕ್ಕಿಗನಾಗಿ ಇನ್ನೊಂದು ಬದಿಯನ್ನೂ ತೋರಿಸಬೇಕು. ಎಲ್ಲ ಮನೆಗಳಲ್ಲೂ ನಮ್ಮಷ್ಟು ದುಂದು ಇಲ್ಲ. ದಿನಕ್ಕೆ ಹನ್ನೆರಡು ಲೀಟರಿನಲ್ಲಿ ಬದುಕುವವರಿಗೆ ಮಿತವ್ಯಯದ ಪಾಠ ಹೇಳುವುದು ಕ್ರೌರ್ಯ. ಇದಲ್ಲದೆ ದೇಶದ ನೀರಿನ ಬಳಕೆಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಬೇಸಾಯದ್ದು. ನಲ್ಲಿ ತಿರುಗಿಸಿ ನದಿ ವಿವಾದವನ್ನು ಪರಿಹರಿಸಲಾಗದು.

ಹಾಗಾದರೆ ನಮ್ಮ ಕೈಗೆ ಬೇಸಾಯದ ನೀರು ಎಟುಕುವುದೇ ಇಲ್ಲವೇ? ಎಟುಕುತ್ತದೆ, ಊಟದ ಎಲೆಯ ಮೂಲಕ. ಒಂದು ಕಿಲೋ ಅಕ್ಕಿ ಬೆಳೆಯಲು ಸರಾಸರಿ ಎರಡೂವರೆ ಸಾವಿರ ಲೀಟರ್ ನೀರು ಬೇಕೆಂದು ಜಲತಜ್ಞರು ಲೆಕ್ಕಹಾಕಿದ್ದಾರೆ. ನೂರು ಗ್ರಾಂ ಅಕ್ಕಿಯ ಅನ್ನವನ್ನು ಎಲೆಯಲ್ಲಿ ಬಿಟ್ಟು ಎದ್ದರೆ 250 ಲೀಟರ್ ಚೆಲ್ಲಿದಂತೆ. ನಮ್ಮ ಇಡೀ ಮನೆ ಒಂದು ದಿನ ಕಷ್ಟಪಟ್ಟು ಉಳಿಸಿದ್ದರ ಅರ್ಧಕ್ಕಿಂತ ಹೆಚ್ಚು ಒಂದೇ ಎಲೆಯಲ್ಲಿ ಹೋಯಿತು. ಹೆಚ್ಚು ನೀರು ಕೇಳದೆ ಮಳೆಗೇ ಬೆಳೆಯುವ ರಾಗಿ ನಮ್ಮ ಸೀಮೆಯ ಅನ್ನ. ಅದನ್ನು ಬಡವರ ಊಟವೆಂದು ಬಿಟ್ಟು, ಈಗ ವೈದ್ಯರು ಹೇಳಿದ ಮೇಲೆ ಮತ್ತೆ ಹುಡುಕುತ್ತಿದ್ದೇವೆ. ಕಳೆದ ರಾಜ್ಯೋತ್ಸವದ ಊಟದ ನಂತರ ಇದೇ ಭವನದ ಹಿಂದೆ ನಾನು ನಿಂತು ನೋಡಿದೆ. ಎಲೆಗಳಲ್ಲಿ ಮಿಕ್ಕ ಅನ್ನ, ಅರ್ಧ ಕುಡಿದು ಬಿಟ್ಟ ಪ್ಲಾಸ್ಟಿಕ್ ನೀರಿನ ಬಾಟಲಿಗಳ ರಾಶಿ. ವೇದಿಕೆಯ ಮೇಲೆ ಕಾವೇರಿಯನ್ನು ಸ್ತುತಿಸುವ ಹಾಡು ಆಗಷ್ಟೇ ಮುಗಿದಿತ್ತು. ಯಾರನ್ನೂ ನೋಯಿಸಲು ಇದನ್ನು ಹೇಳುತ್ತಿಲ್ಲ. ಆ ರಾಶಿಯಲ್ಲಿ ನನ್ನ ಬಾಟಲಿಯೂ ಇತ್ತು.

ಮಳೆನೀರಿನ ಬಗ್ಗೆ ಒಂದು ಮಾತು. ಮಳೆನೀರಿನ ಸಂಗ್ರಹವನ್ನು ಎಲ್ಲ ಕಟ್ಟಡಗಳಿಗೂ ಕಡ್ಡಾಯಗೊಳಿಸಿದ ಕೀರ್ತಿ 2003ರಲ್ಲಿಯೇ ತಮಿಳುನಾಡಿಗೆ ಸಂದಿತು. ಬೆಂಗಳೂರು 2009ರಲ್ಲಿ ಅದನ್ನು ಅನುಸರಿಸಿತು. ಅಡಿಕೆ ಪತ್ರಿಕೆಯ ಶ್ರೀಪಡ್ರೆಯವರು ಕನ್ನಡದಲ್ಲಿ ಈ ವಿಷಯವನ್ನು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಚೆನ್ನೈಯಲ್ಲಿ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆಯಾಗುತ್ತದೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಬೀಳುವುದು ಸುಮಾರು ಒಂದು ಲಕ್ಷ ಮೂವತ್ತು ಸಾವಿರ ಲೀಟರ್. ಕಾನೂನಿದೆ, ಮಳೆಯೂ ಇದೆ. ಆದರೆ ನಮ್ಮ ಸಮುಚ್ಚಯದ ಇಂಗುಗುಂಡಿಯನ್ನು 2019ರಲ್ಲಿ ತೆಗೆದು ನೋಡಿದಾಗ ಅದರ ತುಂಬ ಹೂಳು ಮತ್ತು ಸಿಮೆಂಟು ಚೀಲಗಳಿದ್ದವು. ಕಾಗದದ ಮೇಲೆ ಮಾತ್ರ ಅದು ಸುಸ್ಥಿತಿಯಲ್ಲಿತ್ತು. ಹೂಳೆತ್ತಿಸಿ ಜಲ್ಲಿ ಮರಳು ತುಂಬಿಸಿದೆವು. ಈಗ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ, ಮಳೆಗಾಲಕ್ಕೆ ಮುನ್ನ, ತಾರಸಿಯನ್ನೂ ಗುಂಡಿಯನ್ನೂ ಶುಚಿಗೊಳಿಸುವುದು ನಮ್ಮ ಸಮಿತಿಯ ನಿಯಮ. ಅದಕ್ಕೆ ಮೂರು ದರಪಟ್ಟಿ ಬೇಕೆಂದು ಯಾರೂ ಕೇಳುವುದಿಲ್ಲ.

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ನಮ್ಮ 2019ನ್ನು ಕಂಡಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ತೋಟಕ್ಕೆ ಹಾಯಿಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ಯೋಜನೆ ಲೋಕಾರ್ಪಣೆಯಾಗಿ ದಿನಕ್ಕೆ 77.5 ಕೋಟಿ ಲೀಟರಿನ ಸಾಮರ್ಥ್ಯ ಹೆಚ್ಚಿತು. ಸಂತೋಷವೇ. ಆದರೆ ನೀರು ಬಂದೊಡನೆ ದಂಡದ ನೆನಪು ಮರೆಯಾಗುವುದು ಮನುಷ್ಯ ಸ್ವಭಾವ. ನಮ್ಮ ಮನೆಯಲ್ಲೂ ಆ ವರ್ಷದ ಮಳೆ ಬಂದ ಮೇಲೆ ಷವರು ಮತ್ತೆ ಸದ್ದು ಮಾಡಿತು. ಬರಗಾಲದಲ್ಲಿ ಮಿತವ್ಯಯ ಅನಿವಾರ್ಯ, ಅದಕ್ಕೆ ಯಾರ ಮೆಚ್ಚುಗೆಯೂ ಬೇಕಿಲ್ಲ. ತುಂಬಿದ ಟ್ಯಾಂಕಿನ ಮುಂದೆ ನಿಂತು ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳುವುದನ್ನು ನಾವಿನ್ನೂ ಕಲಿಯಬೇಕಾಗಿದೆ.

ಕೊನೆಯದಾಗಿ, ಈ ಸಭೆಯ ಮುಂದೆ ಮೂರು ವಿನಂತಿಗಳು. ಒಂದು, ನಮ್ಮ ಸಂಘದ ಸಮಾರಂಭಗಳಲ್ಲಿ ಇನ್ನು ಮುಂದೆ ನೀರಿನ ಪ್ಲಾಸ್ಟಿಕ್ ಬಾಟಲಿಗಳು ಬೇಡ. ಕ್ಯಾನುಗಳಲ್ಲಿ ನೀರನ್ನಿಟ್ಟು ಲೋಟಗಳನ್ನು ಇಡೋಣ, ತೊಳೆಯಲು ನಾನು ಮೊದಲು ಬರುತ್ತೇನೆ. ಎರಡು, ಬಡಿಸುವವರು ಕೇಳಿ ಬಡಿಸಲಿ, ಉಣ್ಣುವವರು ಕೇಳಿ ಹಾಕಿಸಿಕೊಳ್ಳಲಿ. ಮೂರು, ತಾವು ಪ್ರತಿಯೊಬ್ಬರೂ ಒಂದು ವಾರ ತಮ್ಮ ಮನೆಯ ನೀರನ್ನು ಅಳೆದು, ತಲೆಗೆ ಎಷ್ಟು ಲೀಟರ್ ಎಂಬ ಒಂದೇ ಒಂದು ಅಂಕಿಯನ್ನು ಮುಂದಿನ ತಿಂಗಳ ಸಭೆಗೆ ತನ್ನಿ. ಹೆಸರು ಬೇಡ, ಅಂಕಿ ಸಾಕು. ಅದನ್ನು ಈ ಗೋಡೆಯ ಮೇಲೆ ಬರೆಯೋಣ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಶಾಲೆಯಲ್ಲಿ ಕಲಿತವರು ನಾವು. ಅದು ಸೋರಿಕೆಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮ ಮನೆಗೆಲಸದಾಕೆ ಈಗಲೂ ನಮ್ಮಲ್ಲಿಗೆ ಬರುತ್ತಾಳೆ. ಎರಡು ಟಬ್ಬುಗಳ ಪದ್ಧತಿಯನ್ನು ನಾನು ವಿವರಿಸಲು ಹೊರಟಾಗ ಆಕೆ ನಕ್ಕಳು. ಆಕೆಯ ಮನೆಯಲ್ಲಿ ಹಾಗೆ ತೊಳೆಯುವುದು ಮೊದಲಿನಿಂದಲೂ ರೂಢಿ. ನಲ್ಲಿ ಬಿಟ್ಟು ತೊಳೆಯಬೇಕೆಂದು ಹೇಳಿಕೊಟ್ಟವರು ನಾವು. ಹಾಗಾಗಿ ನನ್ನ ವರದಿಯ ಕೊನೆಯ ಆಕ್ಷೇಪಣೆ ಇದು: ತಿಳಿದವರಿಂದ ಕಲಿಯುವ ಬದಲು ಅವರಿಗೆ ದುಂದುಗಾರಿಕೆಯನ್ನು ಕಲಿಸಲಾಗಿದೆ. ಇದಕ್ಕೆ ಸಮಜಾಯಿಷಿ ಕೊಡಬೇಕಾದವರು ನಾವೆಲ್ಲರೂ.